ಅಳಿಯಂದಿರ ಕೊನೆಯಾಸೆ

ದೇವರು ಮನುಷ್ಯನಿಗೆ ಮೊದಲು ನಿದ್ದೆಯನ್ನು ಕೊಟ್ಟ. ಅದರ ಕೆಳಗೆ ಹಾಸಲು ಏನಾದರೂ ಬೇಕಲ್ಲ ಎಂದು ಆಮೇಲೆ ಹೊಳೆದು ದೊಡ್ಡ ಯಜಮಾನರನ್ನು ಹುಟ್ಟಿಸಿದ. ಹೀಗೆಂದು ದೊಡ್ಡ ಯಜಮಾನರು ನಂಬಿದ್ದರು. ಅವರ ಹಾಸಿಗೆ ಕಾರ್ಖಾನೆಯಲ್ಲಿ ದುಡಿಯುವವರೂ ನಂಬಿದ್ದರು. ನಂಬದೆ ಒದ್ದಾಡುತ್ತಿದ್ದವರು ಒಬ್ಬರೇ, ಅವರ ಅಳಿಯ.

ಕಾರ್ಖಾನೆಯ ಕ್ರಮ ಹೀಗಿತ್ತು. ಹತ್ತಿ ಹಿಂಜಿ, ಗವಸಿಗೆ ತುಂಬಿ, ಅಂಚು ಹೊಲಿದು, ದಬ್ಬಣ ತೂರಿಸಿ ನಡುನಡುವೆ ಬಿಗಿದು, ಹಾಸಿಗೆ ಒಂದು ಹಾಸಿಗೆಯಾಯಿತು ಅಂದ ಮೇಲೆ ಅದನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಹಾಸಬೇಕು. ದೊಡ್ಡ ಯಜಮಾನರು ಬರಬೇಕು. ಚಪ್ಪಲಿ ಬಿಡಬೇಕು, ಕನ್ನಡಕ ತೆಗೆದು ಕಿಟಕಿಯ ಮೇಲಿಡಬೇಕು, ಅಂಗಾತ ಮಲಗಿ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ ಕಣ್ಣು ಮುಚ್ಚಬೇಕು. ಆ ಹೊತ್ತಿಗೆ ಹಿಂಜುವ ಯಂತ್ರ ನಿಲ್ಲಬೇಕು, ಹೊಲಿಗೆ ಯಂತ್ರಗಳು ನಿಲ್ಲಬೇಕು, ಕೆಮ್ಮು ಬಂದವರು ಎದ್ದು ಅಂಗಳಕ್ಕೆ ಹೋಗಬೇಕು. ಹಾಸಿಗೆ ಒಪ್ಪಿಗೆಯಾದರೆ ಮಂಚದ ಕಡೆಯಿಂದ "ಹೂಂ" ಎಂದು ಕೇಳುತ್ತಿತ್ತು. ಆಗದಿದ್ದರೆ "ಊಹೂಂ". ಆ "ಹೂಂ" ಬಾರದೆ ಯಾವ ಹಾಸಿಗೆಯೂ ಆ ಬಾಗಿಲು ದಾಟಿದ್ದಿಲ್ಲ.

ಯಜಮಾನರಿಗೆ ಪ್ರಾಯವಿದ್ದಾಗ ಇದಕ್ಕೆ ಅರೆಗಳಿಗೆ ಸಾಕಾಗುತ್ತಿತ್ತು. ವಯಸ್ಸಾಗುತ್ತಾ ಬಂದಂತೆ ಅವರು ನಿಜವಾಗಿಯೇ ನಿದ್ದೆಗೆ ಜಾರತೊಡಗಿದರು. ಎಬ್ಬಿಸುವ ಹಾಗಿಲ್ಲ, ಎಬ್ಬಿಸಿದರೆ "ಹೂಂ" ಬರಬೇಕಾದಲ್ಲಿ "ಊಹೂಂ" ಬಂದೀತು. ಹೀಗಾಗಿ ಕೆಟ್ಟ ಹಾಸಿಗೆಯ ತೀರ್ಮಾನ ಬೇಗ ಆಗುತ್ತಿತ್ತು. ಒಳ್ಳೆಯ ಹಾಸಿಗೆ ತಯಾರಾದ ದಿನ ಮಾತ್ರ ಸಂಜೆಯವರೆಗೂ ಇಡೀ ಕಾರ್ಖಾನೆ ಉಸಿರು ಬಿಗಿಹಿಡಿದು ಕೂರುತ್ತಿತ್ತು.

ಅಳಿಯಂದಿರಿಗೆ ಇದು ಸಹಿಸುತ್ತಿರಲಿಲ್ಲ. ಅವರಿಗೆ ಒಂದು ಹೆಸರಿತ್ತು, ಆದರೆ ಮದುವೆಯಾದ ದಿನದಿಂದ ಅದನ್ನು ಯಾರೂ ಬಳಸಿರಲಿಲ್ಲ. ಕಾರ್ಖಾನೆಯಲ್ಲಿ ಅಳಿಯಂದಿರು, ಬೀದಿಯಲ್ಲಿ ಅಳಿಯಂದಿರು, ಬ್ಯಾಂಕಿನವರ ಬಾಯಲ್ಲೂ ಅಳಿಯಂದಿರು. ಕೆಲಸವೆಂದರೆ ಮುಂದಿನ ಅಂಗಡಿಯಲ್ಲಿ ಕೂತು ದಿಂಬು ಮಾರುವುದು. ಕಾರ್ಖಾನೆಯನ್ನು ಸುಧಾರಿಸಬೇಕೆಂದು ಅವರು ಹಿಂದೆಯೂ ಕೈ ಹಾಕಿದ್ದುಂಟು. ಒಮ್ಮೆ ಸಲಹೆಗಳ ಪೆಟ್ಟಿಗೆಯನ್ನು ಗೋಡೆಗೆ ಹೊಡೆಸಿದರು. ಅದರಲ್ಲಿ ಬಿದ್ದದ್ದು ಹತ್ತಿಯ ಧೂಳು ಮತ್ತು ಒಂದೇ ಒಂದು ಚೀಟಿ: "ಈ ಪೆಟ್ಟಿಗೆ ತಲೆಗೆ ತಾಗುತ್ತದೆ, ತೆಗೆಸಿ." ಅವರು ಏನೇ ಹೇಳಿದರೂ ಕೆಲಸದವರು "ಅಳಿಯಂದ್ರು ಹೇಳ್ತಾರೆ, ಹೇಳ್ಲಿ ಬಿಡಿ" ಎಂದು ಪ್ರೀತಿಯಿಂದಲೇ ತಮ್ಮ ಪಾಡಿಗೆ ತಾವು ದಬ್ಬಣ ತೂರಿಸುತ್ತಿದ್ದರು.

ಹೀಗಿರುವಾಗ ಒಂದು ಹೊಸ ಆಸ್ಪತ್ರೆಯಿಂದ ಹಾಸಿಗೆಗಳಿಗೆ ದೊಡ್ಡ ಬೇಡಿಕೆ ಬಂತು. ಯಜಮಾನರು ಒಂದೊಂದರ ಮೇಲೂ ಮಲಗಿ ಏಳುವುದಾದರೆ ಆಸ್ಪತ್ರೆ ಹಳೆಯದಾಗಿರುತ್ತಿತ್ತು. ಅದೇ ವಾರ ಅಳಿಯಂದಿರು ದೂರದ ದೊಡ್ಡ ಹೋಟೆಲೊಂದರಲ್ಲಿ ನಡೆದ ತರಬೇತಿಗೆ ಹೋಗಿಬಂದರು. ವ್ಯಾಪಾರದಲ್ಲಿ ಬದಲಾವಣೆ ತರುವುದು ಹೇಗೆ, ತಂದದ್ದನ್ನು ಉಳಿಸುವುದು ಹೇಗೆ ಎಂಬುದು ಅಲ್ಲಿಯ ವಿಷಯ. ಸೂಟು ತೊಟ್ಟ ಬೋಧಕರೊಬ್ಬರು ಮೇಜಿನ ಮೇಲೆ ಅಂಗೈ ಬಡಿದು ಹೇಳಿದ್ದರು: "ನಾಯಕ ಇಲ್ಲವಾದ ಮೇಲೂ ಉಳಿಯುತ್ತದಲ್ಲ, ಅದು ಬದಲಾವಣೆ. ಉಳಿದದ್ದೆಲ್ಲ ಗಲಾಟೆ!" ಆ ಮಾತು ಅಳಿಯಂದಿರ ಎದೆಗೆ ನಾಟಿತು. ಹೋಟೆಲಿನ ಏಸಿಯ ತಣ್ಣನೆ ಗಾಳಿಯೂ ನಾಟಿತು. ಮರಳುವಾಗ ಅವರ ಬಳಿ ಒಂದು ದಪ್ಪ ಫೈಲು, ಒಂದು ಪೆನ್ನು ಮತ್ತು ಒಣ ಕೆಮ್ಮು ಇದ್ದವು.

ಬಂದವರೇ ಮಾವನ ಮುಂದೆ ನಿಂತರು.

"ಮಾವ, ಈ ಆಸ್ಪತ್ರೆ ಹಾಸಿಗೆಗಳನ್ನ ನೀವು ಮಲಗಿ ನೋಡದೆ ಕಳಿಸ್ಬೇಕು. ನನಗೆ ಬಿಡಿ."

ದೊಡ್ಡ ಯಜಮಾನರು ಅಳಿಯನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ಬೈಯುವುದೂ ಬಹುವಚನದಲ್ಲೇ. "ಅಳಿಯಂದ್ರೇ, ಮಲಗದೆ ಹಾಸಿಗೆ ನೋಡೋದು ಅಂದ್ರೆ ಉಣ್ಣದೆ ಅಡುಗೆ ಹೊಗಳಿದ ಹಾಗೆ. ಆದ್ರೂ ಆಗಲಿ. ನಿಮಗೂ ಒಂದು ಸಲ ಕೆಡೋ ಅವಕಾಶ ಬೇಕು. ಹೇಳಿದ ದಿನಕ್ಕೆ ಆಸ್ಪತ್ರೆ ಲಾರಿ ತುಂಬಿ ಹೋಯ್ತು ಅನ್ನಿ, ಕಾರ್ಖಾನೆ ನಿಮ್ಮ ಕೈಗೆ. ಹೋಗ್ಲಿಲ್ಲವೋ, ಮತ್ತೆ ಬದಲಾವಣೆ ಅನ್ನೋ ಮಾತು ನನ್ನ ಕಿವಿಗೆ ಬೀಳಬಾರದು. ದಿಂಬು ಮಾರ್ಕೊಂಡು ತಣ್ಣಗಿರಬೇಕು. ಜೀವನ ಪೂರ್ತಿ."

"ಒಪ್ಪಿದೆ ಮಾವ."

"ಅಲ್ಲೀವರೆಗೂ ನಾನು ಮನೆಯಲ್ಲಿ ಮಲಗಿರ್ತೀನಿ," ಎಂದು ಯಜಮಾನರು ಎದ್ದು ಹೋದರು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯಂದಿರು ಕಾರ್ಖಾನೆಯ ನಡುವೆ ಸ್ಟೂಲು ಹತ್ತಿ ನಿಂತರು. ಎದುರಿಗೆ ಹೊಲಿಗೆಯ ಹೆಂಗಸರು, ಅವರ ಮುಂದೆ ಅವರೆಲ್ಲರ ಮುಖ್ಯಸ್ಥೆ ಹೊಲಿಗೆಯಕ್ಕ, ಬಾಯಲ್ಲಿ ದಾರ. ಇನ್ನೊಂದು ಕಡೆ ಹತ್ತಿ ತುಂಬುವ ಗಂಡಸರು. ಅವರ ಮೇಸ್ತ್ರಿ ಹತ್ತಿಯಣ್ಣ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲೆಲ್ಲ ಹತ್ತಿಯಿಂದ ಬೆಳ್ಳಗಾಗಿ ಸದಾ ಮಂಜಿನಲ್ಲಿ ನಡೆದು ಬಂದವನಂತೆ ಕಾಣುತ್ತಿದ್ದ.

"ಇನ್ನೆಷ್ಟು ದಿನ ನಾನು ನಿಮ್ಮ ಜೊತೆ ಇರ್ತೀನಿ ಅನ್ನೋದು ಮುಖ್ಯ ಅಲ್ಲ," ಎಂದು ಅಳಿಯಂದಿರು ಶುರು ಮಾಡಿದರು. ಹತ್ತಿಯ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಬಗ್ಗಿ ಕೆಮ್ಮಿ, ಕಣ್ಣೊರೆಸಿಕೊಂಡು ಮುಂದುವರಿಸಿದರು. "ನಾಳೆ ಬೆಳಿಗ್ಗೆ ನೀವು ಬಂದಾಗ ನಾನೇ ಇಲ್ಲ ಅಂತ ಇಟ್ಕೊಳ್ಳಿ. ಆಗ ಏನ್ ಮಾಡ್ತೀರಿ? ಅಳ್ತಾ ಕೂರ್ತೀರಾ? ಕೂಡದು! ನಾನು ಹೋದ ಮೇಲೂ ಒಂದು ಒಳ್ಳೇದು ಉಳೀಬೇಕು. ನನಗೆ ಬೇಕಾಗಿರೋದು ಅಷ್ಟೇ."

ಹೊಲಿಗೆಯಕ್ಕನ ಬಾಯಿಂದ ದಾರ ಕೆಳಗೆ ಬಿತ್ತು.

"ಇನ್ಮುಂದೆ ಮಲಗಿ ನೋಡೋದು ಇಲ್ಲ. ಯಾರು ಹಾಸಿಗೆ ಮುಗಿಸ್ತಾರೋ ಅವರೇ ಮೂಲೆ ಒತ್ತಿ, ಅಂಚು ಎಳೆದು, ನಡುವೆ ಮಂಡಿಯೂರಿ ನೋಡ್ಬೇಕು. ಸರಿ ಇಲ್ದಿದ್ರೆ ತಾವೇ ಬಿಚ್ಚಿ ಹೊಲೀಬೇಕು. ಸರಿ ಇದ್ರೆ 'ಸರಿ' ಅಂತ ತಾವೇ ಹೇಳಿ ಕಟ್ಟಿಡ್ಬೇಕು. ಯಜಮಾನ್ರನ್ನ ಕೇಳಬಾರದು. ನನ್ನನ್ನಂತೂ ಕೇಳಲೇಬಾರದು. ನಾನು ಎಲ್ಲಿರ್ತೀನೋ ಏನೋ!"

ಮತ್ತೆ ಕೆಮ್ಮು ಬಂತು. ಕೈಯಾಡಿಸಿ ಸ್ಟೂಲಿನಿಂದ ಇಳಿದು ಹೊರಗೆ ಹೋದರು. ಅವರು ಹೋದ ಮೇಲೆ ಅಲ್ಲಿ ಆದ ಮಾತು ಇದು.

"ಏನಣ್ಣಾ ಇದು, ಹಿಂಗ್ ಮಾತಾಡಿಬಿಟ್ರು?" ಎಂದಳು ಹೊಲಿಗೆಯಕ್ಕ.

ಹತ್ತಿಯಣ್ಣ ನಿಧಾನವಾಗಿ ತಲೆಯಾಡಿಸಿದ. "ನನಗೆ ಮೊದಲೇ ಅನುಮಾನ ಇತ್ತು ಕಣಕ್ಕ. ಊರು ಬಿಟ್ಟು ಎಲ್ಲಿ ಹೋಗಿದ್ರು? ಹೋಟ್ಲಿಗೆ ಅಂತಾರೆ. ಬರೋವಾಗ ಕೈಯಲ್ಲಿ ಎಷ್ಟು ದಪ್ಪ ಫೈಲ್ ಇತ್ತು ನೋಡಿದ್ಯಾ? ಹೋಟ್ಲಿಂದ ಯಾರಾದ್ರೂ ಫೈಲ್ ತರ್ತಾರಾ? ಫೈಲ್ ತರೋದು ಆಸ್ಪತ್ರೆಯಿಂದ."

"ಕೆಮ್ಮು ಬೇರೆ."

"ಕೆಮ್ಮು ಬೇರೆ. ಅದೂ ಒಣಕೆಮ್ಮು."

"ದೇವರೇ! ಕೆಮ್ತಾ ಕೆಮ್ತಾ ಹೇಳಿಬಿಟ್ರಲ್ಲಪ್ಪ. ಇಷ್ಟು ವರ್ಷ ಅವರು ಹೇಳಿದ್ದು ಒಂದನ್ನಾದ್ರೂ ನಡೆಸಿಕೊಟ್ವಾ ನಾವು? ಆ ಪೆಟ್ಟಿಗೆ ತೆಗೆಸಿ ಅಂತ ಬರೆಸಿ ಹಾಕಿಸಿದ ಪಾಪಿ ನಾನೇ."

"ಈಗ ನಡೆಸಿಕೊಡೋಣ ಅಕ್ಕ. ಕೊನೆಯಾಸೆ ಅಂದ ಮೇಲೆ ಎದುರಾಡೋ ಹಾಗಿಲ್ಲ."

ಆ ಮಧ್ಯಾಹ್ನವೇ ಕಾರ್ಖಾನೆ ಬದಲಾಯಿತು. ಹೊಲಿಗೆಯ ಹೆಂಗಸರು ಮೂಲೆ ಒತ್ತಿದರು, ಅಂಚು ಎಳೆದರು. ಹತ್ತಿ ತುಂಬುವವರು ಮಂಡಿಯೂರಿದರು. ಯಾರೂ ಅಳಿಯಂದಿರನ್ನು ಏನೂ ಕೇಳಲಿಲ್ಲ. ಅವರು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಯಾರೋ ಕುರ್ಚಿ ತರುತ್ತಿದ್ದರು, ಯಾರೋ ಬೆಚ್ಚನೆಯ ನೀರು ತರುತ್ತಿದ್ದರು. ಒಬ್ಬಳು ಹೊಸ ದಿಂಬೊಂದನ್ನು ಬೆನ್ನಿಗೆ ಇಟ್ಟು "ಒರಗಿಕೊಳ್ಳಿ ಅಳಿಯಂದ್ರೇ" ಎಂದು ಮುಖ ತಿರುಗಿಸಿಕೊಂಡು ಓಡಿದಳು.

ಅಳಿಯಂದಿರು ಒರಗಿಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಿದರು: "ನಾಯಕತ್ವ ಅಂದ್ರೆ ಏನು ಅಂತ ನಿನಗೆ ಗೊತ್ತಾ? ಒಂದು ಭಾಷಣ! ಒಂದೇ ಭಾಷಣಕ್ಕೆ ಅವರ ಕಣ್ಣಲ್ಲಿ ನೀರು ಬಂತು. ನಾನು ಹೇಳೋ ರೀತಿ ಹಾಗಿತ್ತು."

"ನೀವು ಹೇಳೋ ರೀತಿಗೆ ನನ್ನ ಕಣ್ಣಲ್ಲೂ ದಿನಾ ನೀರು ಬರುತ್ತೆ," ಎಂದಳು ಹೆಂಡತಿ. "ಮೊದಲು ಆ ಕೆಮ್ಮಿಗೆ ಔಷಧಿ ತಗೊಳ್ಳಿ."

ಮರುದಿನದಿಂದ ಅವರ ನಾಯಕತ್ವ ಬೀದಿಗೂ ಹಬ್ಬಿತು. ಕ್ಷೌರದಂಗಡಿಯವನು ಉಳಿದವರನ್ನೆಲ್ಲ ಎಬ್ಬಿಸಿ ಇವರನ್ನು ಕೂರಿಸಿ, ಕತ್ತರಿಸುವುದಕ್ಕಿಂತ ಹೆಚ್ಚು ಹೊತ್ತು ಬಾಚಿ, ಕೊನೆಗೆ ಕನ್ನಡಿ ಹಿಡಿದು, "ಎಷ್ಟು ಲಕ್ಷಣವಾಗಿ ಕಾಣ್ತಿದೀರಿ! ಇವತ್ತೇ ಒಂದು ಫೋಟೋ ತೆಗೆಸ್ಕೊಂಡುಬಿಡಿ ಅಳಿಯಂದ್ರೇ. ತಡ ಮಾಡ್ಬೇಡಿ. ದೊಡ್ಡದು ಮಾಡಿಸೋಕೆ ಬರೋ ಹಾಗೆ ಇರ್ಲಿ," ಎಂದ. ಅಳಿಯಂದಿರು ತಮ್ಮ ಚಿತ್ರ ಕಾರ್ಖಾನೆಯ ಗೋಡೆಯ ಮೇಲೆ ತೂಗಬೇಕೆಂದು ಊರೇ ಬಯಸುತ್ತಿದೆ ಎಂದುಕೊಂಡು ಒಳಗೊಳಗೇ ಅರಳಿದರು.

ಎದುರುಮನೆಯ ನಿವೃತ್ತ ಮೇಷ್ಟ್ರು ಏಣಿಯೊಂದನ್ನು ಎಳೆದುಕೊಂಡು ಬಂದು ಗೇಟಿಗೆ ಒರಗಿಸಿದರು. ಎಂದೋ ಒಯ್ದ ಏಣಿ. ಕೇಳಿ ಕೇಳಿ ಅಳಿಯಂದಿರು ಅದನ್ನು ಮರೆತೂ ಬಿಟ್ಟಿದ್ದರು.

"ಏನ್ ಮೇಷ್ಟ್ರೇ, ಇದ್ದಕ್ಕಿದ್ದ ಹಾಗೆ?"

"ಇರ್ಲಿ, ಇರ್ಲಿ. ನಿಮ್ಮ ಸಾಮಾನು ನಮ್ಮಲ್ಲಿ ಇರಬಾರದು. ಮನಸ್ಸು ಹಗುರಾಗುತ್ತೆ, ನನಗೂ, ನಿಮಗೂ." ಮೇಷ್ಟ್ರು ಸುತ್ತ ಕಣ್ಣಾಡಿಸಿ ಸ್ಕೂಟರಿನ ಸೀಟನ್ನು ಮೆಲ್ಲಗೆ ಸವರಿದರು. "ಗಾಡಿ ಬಹಳ ಚೆನ್ನಾಗಿ ಇಟ್ಟಿದೀರಿ. ಸುಮ್ನೆ ನಿಂತ್ರೆ ಹಾಳಾಗುತ್ತೆ. ನಮ್ಮ ಎರಡನೆಯವನಿಗೆ ಮೊನ್ನೆ ಲೈಸೆನ್ಸ್ ಬಂತು."

"ಸುಮ್ನೆ ಯಾಕೆ ನಿಲ್ಲುತ್ತೆ? ನಾನು ದಿನಾ ಓಡಿಸ್ತೀನಲ್ಲ."

ಮೇಷ್ಟ್ರು ಸೀಟಿನಿಂದ ಕೈ ತೆಗೆದರು. "ಓಡಿಸಿ. ಆಗೋವಷ್ಟು ದಿನ ಓಡಿಸಿ," ಎಂದು ಭುಜ ತಟ್ಟಿ ಹೊರಟುಹೋದರು.

ಅಳಿಯಂದಿರಿಗೆ ಆಗಲೂ ಹೊಳೆಯಲಿಲ್ಲ. ಹೊಳೆಯುವಂತೆ ಮಾಡಲು ಸೋದರತ್ತೆಯೇ ಬರಬೇಕಾಯಿತು. ಅವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು. ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಬಸ್ಸಿಳಿದು, ಪೆಟ್ಟಿಗೆಯನ್ನು ಬೀದಿಯ ನಡುವೆಯೇ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಅಳಿಯಂದಿರನ್ನು ಅವುಚಿಕೊಂಡು ಗೋಳಿಟ್ಟಳು.

"ನನ್ನಪ್ಪಾ! ನನಗಿಂತ ಮೊದಲು ಹೊರಡ್ತೀಯೇನೋ? ನಾನು ಗುಂಡುಕಲ್ಲಿನ ಹಾಗೆ ಕೂತಿದೀನಿ, ದೇವರಿಗೆ ನಾನು ಕಾಣಲಿಲ್ವೇನೋ!"

"ಎಲ್ಲಿಗತ್ತೆ ಹೊರಡೋದು? ನಾನು ತರಬೇತಿಗೆ ಹೋಗಿ ಬಂದಾಯ್ತಲ್ಲ."

"ಹಾಗೇ ಮಾತು ಮರೆಸು. ಚಿಕ್ಕವನಿದ್ದಾಗಲೂ ಹೀಗೇ, ಜ್ವರ ಬಂದ್ರೆ ಬಾಯಿ ಬಿಡ್ತಿರ್ಲಿಲ್ಲ."

ಹೆಂಡತಿ ಒಳಗಿಂದ ಸೌಟು ಹಿಡಿದೇ ಬಂದಳು. "ಅತ್ತೆ, ಯಾರಿಗೆ ಏನಾಗಿದೆ?"

"ನಿನಗೂ ಹೇಳಿಲ್ವೇನೇ ಇವನು? ಇವನಿಗೆ ದಿನ ಎಣಿಸಿಟ್ಟಿದಾರಂತೆ ಕಣೇ! ಕಾರ್ಖಾನೆಯಲ್ಲಿ ಸ್ಟೂಲ್ ಹತ್ತಿ ಇವನೇ ಹೇಳಿದನಂತೆ, ನಾಳೆ ನಾನಿರಲ್ಲ, ಅಳಬೇಡಿ ಅಂತ. ಊರಿಗೆಲ್ಲ ಗೊತ್ತು!"

ಹೆಂಡತಿ ಸೌಟನ್ನು ಕೆಳಗಿಳಿಸಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಅಳಿಯಂದಿರ ಕಣ್ಣ ಮುಂದೆ ಏಣಿ, ಸ್ಕೂಟರು, ಕ್ಷೌರದವನ ಕನ್ನಡಿ, ಬೆಚ್ಚನೆಯ ನೀರು ಎಲ್ಲ ಸಾಲಾಗಿ ಬಂದು ನಿಂತವು. ಅವರ ನಾಯಕತ್ವ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಚರಂಡಿಯ ಕಡೆ ಹೋಯಿತು.

"ಇಡೀ ಊರಿಗೆ ಹೇಳಿದೀರಿ ಸಾಯ್ತೀನಿ ಅಂತ," ಎಂದಳು ಹೆಂಡತಿ, "ಕಟ್ಕೊಂಡವಳಿಗೆ ಒಂದು ಮಾತು ಹೇಳೋಕೆ ಆಗ್ಲಿಲ್ಲ."

"ನಾನು ಸಾಯಲ್ಲ ಮಾರಾಯ್ತಿ!"

"ಅದು ನನಗೆ ಗೊತ್ತು. ಅಷ್ಟು ಸುಲಭವಾಗಿ ನನ್ನ ಬಿಟ್ಟು ಹೋಗೋರಲ್ಲ ನೀವು. ಆದ್ರೆ ಒಂದು ಹೇಳ್ತೀನಿ ಕೇಳಿ. ಆಸ್ಪತ್ರೆ ಲಾರಿ ಬರೋದು ನಾಳೆ ತಾನೆ? ಅದು ಹೋಗೋವರೆಗೂ ಸಾಯ್ತಾ ಇರಿ. ಆಮೇಲೆ ಗುಣ ಆಗಿ. ಈಗ ನಿಜ ಹೇಳಿದ್ರೆ ನಾಳೆಯಿಂದ ಮತ್ತೆ ದಿಂಬು."

ಮಾತು ಸುಳ್ಳಲ್ಲ. ಅಳಿಯಂದಿರು ಅದನ್ನು ಯೋಚಿಸಿಯೂ ನೋಡಿದರು. ಆದರೆ ಒಳಗಿನ ಕೋಣೆಯಲ್ಲಿ ಸೋದರತ್ತೆ ದೇವರ ಪಟದ ಮುಂದೆ ಕೂತು "ಇವನ ಬದಲು ನನ್ನನ್ನು ಕರೆದುಕೋ" ಎಂದು ಜೋರಾಗಿ ಕೇಳುತ್ತಿದ್ದಳು. ಎಷ್ಟು ಹೇಳಿದರೂ ನಂಬಲೊಲ್ಲಳು. ದೇವರು ಆ ಮಾತನ್ನು ಕೇಳಿಸಿಕೊಂಡುಬಿಟ್ಟರೆ ಗತಿಯೇನೆಂದು ಅವರಿಗೆ ದಿಗಿಲಾಯಿತು. ಹುಸಿ ಸಾವಿಗೆ ನಿಜವಾದ ಒಂದು ಜೀವ ಹೋಗುವುದು ಬೇಡ. ಕಾರ್ಖಾನೆಯವರೇ ಬಂದು ಅವಳಿಗೆ ಹೇಳಲಿ ಎಂದು ಬೆಳಗಾಗುತ್ತಲೇ ಕಾರ್ಖಾನೆಗೆ ಹೋಗಿ ಬಾಗಿಲಲ್ಲೇ ನಿಂತು ಮೆತ್ತಗೆ ಹೇಳಿದರು:

"ನೋಡಿ, ಏನೋ ತಪ್ಪು ತಿಳುವಳಿಕೆ ಆಗಿದೆ. ನನಗೆ ಏನೂ ಆಗಿಲ್ಲ. ನಾನು ಆರೋಗ್ಯವಾಗಿದೀನಿ."

ಕೆಲಸ ನಿಂತಿತು. ಹೊಲಿಗೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏನ್ ಧೈರ್ಯ! ನಮಗೇ ಸಮಾಧಾನ ಹೇಳೋಕೆ ಬಂದಿದಾರೆ."

"ಸಮಾಧಾನ ಅಲ್ಲ ಕಣಮ್ಮ, ನಿಜ! ಡಾಕ್ಟರಿಗೆ ತೋರಿಸಿದೀನಿ. ಬರೀ ನೆಗಡಿ ಅಂದ್ರು."

"ಅಂತಾರೆ, ಅಂತಾರೆ," ಎಂದ ಹತ್ತಿಯಣ್ಣ. "ರೋಗಿ ಮುಂದೆ ಯಾರು ನಿಜ ಹೇಳ್ತಾರೆ? ನಮ್ಮ ದೊಡ್ಡಪ್ಪನಿಗೂ ಅಜೀರ್ಣ ಅಂದಿದ್ರು. ವಾರದಲ್ಲಿ ಹೊತ್ಕೊಂಡು ಹೋದ್ವಿ."

"ನಿಮ್ಮ ದೊಡ್ಡಪ್ಪನ ಸುದ್ದಿ ಈಗ ಯಾಕಪ್ಪ?"

"ಆಯಾಸ ಮಾಡ್ಕೋಬೇಡಿ ಅಳಿಯಂದ್ರೇ. ನೀವು ಬಯಸಿದ ಹಾಗೇ ಎಲ್ಲ ನಡೆಸ್ತಿದೀವಿ. ಬರೀ ಬಾಯಿಮಾತಲ್ಲಿ ಹೇಳಿದ್ರೆ ನಾವು ಕೇಳ್ತಿದ್ವಾ? ಕೇಳ್ತಿರ್ಲಿಲ್ಲ. ಕೊನೆಯಾಸೆ ಅಂತ ತಾನೆ ನಡೆಸಿಕೊಡ್ತಿರೋದು!"

ಸಾಯುತ್ತೀರಿ ಎಂದಾಗ ಆಗದ ನೋವು ಅಳಿಯಂದಿರಿಗೆ ಈ ಮಾತಿನಿಂದ ಆಯಿತು. ಹಾಗಾದರೆ ಬದುಕಿರುವ ಮನುಷ್ಯನ ಮಾತಿಗೆ ಬೆಲೆಯೇ ಇಲ್ಲವೇ? ರೋಷ ಉಕ್ಕಿತು. "ಸಾಯೋನು ಹಿಂಗ್ ಮಾಡ್ತಾನೇನ್ರೋ?" ಎಂದವರೇ ಕಟ್ಟಿಟ್ಟ ಹಾಸಿಗೆಯೊಂದನ್ನು ತಲೆಯ ಮೇಲೆ ಎತ್ತಿಕೊಂಡರು. ಅದು ಸಾಲದೆಂದು ಅದರ ಮೇಲೆ ಇನ್ನೊಂದನ್ನು ಎಳೆದುಕೊಂಡರು. ಎರಡು ಹಾಸಿಗೆ ಹೊತ್ತು, ಎದುರಿನದು ಏನೂ ಕಾಣದೆ, ಅಂಗಳದಲ್ಲಿ ಓಡಿದರು. ಹಿಂದೆಯೇ "ಹಿಡೀರಿ, ಹಿಡೀರಿ" ಎಂದು ಇಡೀ ಕಾರ್ಖಾನೆ ಓಡಿತು. ಒಂದು ಸುತ್ತು ಓಡಿ ಮರಳಿ ಬಾಗಿಲೊಳಗೆ ನುಗ್ಗುವ ಹೊತ್ತಿಗೆ ಅವರ ಸೊಂಟದಲ್ಲಿ ಏನೋ 'ಚಳುಕ್' ಎಂದಿತು. ಕೂಗಲೂ ಉಸಿರಿಲ್ಲದೆ, ಹೊತ್ತಿದ್ದ ಹಾಸಿಗೆಯ ಮೇಲೆಯೇ ಅಂಗಾತ ಬಿದ್ದರು.

"ಹೋಯ್ತು! ಎಲ್ಲ ಹೋಯ್ತು!" ಎಂದು ಹೊಲಿಗೆಯಕ್ಕ ಎದೆ ಬಡಿದುಕೊಂಡಳು. ಯಾರೋ ಬಾಯಿಗೆ ನೀರು ಬಿಟ್ಟರು. ಯಾರೋ ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟರು. ಹತ್ತಿಯಣ್ಣ ತಲೆಯ ಬಳಿ ಮಂಡಿಯೂರಿ, ಅವರ ಎದೆಯ ಮೇಲೆ ಕೈಯಿಟ್ಟು, "ನೆಮ್ಮದಿಯಾಗಿ ಹೋಗಿ ಅಳಿಯಂದ್ರೇ, ಮೂಲೆ ಒತ್ತೋದನ್ನ ಬಿಡಲ್ಲ," ಎಂದು ಮಾತು ಕೊಟ್ಟ.

ಸರಿಯಾಗಿ ಆ ಹೊತ್ತಿಗೆ ಲಾರಿ ಬಂದು ನಿಂತಿತು. ಅದರಿಂದ ಇಳಿದವರು ಆಸ್ಪತ್ರೆಯ ಖರೀದಿ ಅಧಿಕಾರಿ. ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಮುಖದಲ್ಲಿ ಒಂದೇ ಬಣ್ಣದ ಸಿಡುಕು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಸಾಲುಸಾಲು ಹಾಸಿಗೆ. ನಡುವಿನ ಹಾಸಿಗೆಯ ಮೇಲೆ ಒಬ್ಬ ಮನುಷ್ಯ, ಸುತ್ತ ಅಳು.

"ಏನ್ರೀ ಇದು?" ಎಂದರು. "ಅದು ನಮ್ಮ ಹಾಸಿಗೆ ತಾನೆ?"

"ಹೌದು ಸ್ವಾಮಿ," ಎಂದ ಹತ್ತಿಯಣ್ಣ ಮೂಗೊರೆಸಿಕೊಳ್ಳುತ್ತ.

"ನಮ್ಮ ಆಸ್ಪತ್ರೆ ಇನ್ನೂ ಬಾಗಿಲೇ ತೆಗೆದಿಲ್ಲ, ಆಗಲೇ ನಮ್ಮ ಹಾಸಿಗೆ ಮೇಲೆ ಒಬ್ಬರನ್ನ ಕಳಿಸಿಬಿಟ್ರಾ? ಜನ ಏನಂತಾರೆ? ನಾನು ಮೇಲಿನವರಿಗೆ ಏನಂತ ಹೇಳ್ಲಿ? ಬೇಡ, ಬೇಡ! ಈ ಸರಕೇ ನಮಗೆ ಬೇಡ. ಡ್ರೈವರ್, ಲಾರಿ ತಿರುಗಿಸು!"

ಲಾರಿ ತಿರುಗಿಸುವ ಸದ್ದು ಅಳಿಯಂದಿರ ಕಿವಿಗೆ ಬಿತ್ತು. ಆ ಸದ್ದಿನೊಳಗೆ ಅವರಿಗೆ ತಮ್ಮ ಮುಂದಿನ ಜೀವನ ಪೂರ್ತಿ ಕೇಳಿಸಿತು: ಗಿರಾಕಿ ಬಂದು "ಮೆತ್ತಗಿನ ದಿಂಬು ತೋರಿಸಿ" ಎನ್ನುವುದು, ತಾವು ತೋರಿಸುವುದು. ಸೊಂಟ ಅಲುಗಾಡದಿದ್ದರೂ ಗಂಟಲು ಬಿಚ್ಚಿಕೊಂಡಿತು. ಅಷ್ಟು ವರ್ಷ ಮಾವನ ಮನೆಯಲ್ಲಿ ಮೆತ್ತಗೆ ಮಾತಾಡಿ ಉಳಿಸಿಟ್ಟ ದನಿಯೆಲ್ಲ ಒಟ್ಟಿಗೆ ಹೊರಗೆ ಬಂತು.

"ಏಯ್! ನಿಲ್ಲಿಸ್ರೋ ಲಾರಿ! ನಾನು ಸತ್ತಿಲ್ಲ! ಸಾಯೋದೂ ಇಲ್ಲ! ಸೊಂಟ ಹಿಡ್ಕೊಂಡಿದೆ, ಅಷ್ಟೇ! ಯಾರ್ರೀ ಅದು ಬಾಯಿಗೆ ನೀರು ಬಿಟ್ಟಿದ್ದು? ಕತ್ತೆಗಳ್ರಾ! ನೆಗಡಿಗೂ ಸಾವಿಗೂ ವ್ಯತ್ಯಾಸ ಗೊತ್ತಿಲ್ಲದ ನೀವು ಆಸ್ಪತ್ರೆಗೆ ಹಾಸಿಗೆ ಬೇರೆ ಹೊಲೀತೀರಾ! ಹತ್ತಿಯಣ್ಣ, ನನ್ನ ಎದೆ ಮೇಲಿಂದ ಆ ನಿನ್ನ ಕೈ ತೆಗಿ!"

ಅಧಿಕಾರಿ ಹೆದರಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಲಾರಿಯ ಇಂಜಿನ್ನು ತಾನಾಗಿಯೇ ನಿಂತಿತು. ಕಾರ್ಖಾನೆಯೊಳಗೆ ಎಲ್ಲರ ಅಳು ಒಂದೇ ಬಾರಿಗೆ ಒಣಗಿತು.

ಹೊಲಿಗೆಯಕ್ಕ ಬಗ್ಗಿ ಅವರ ಮುಖವನ್ನೇ ನೋಡಿದಳು. "ಸಾಯೋರು ಹಿಂಗ್ ಕಿರುಚಲ್ಲ," ಎಂದಳು. ಆಮೇಲೆ ನೆಟ್ಟಗೆ ನಿಂತಳು. "ಅಂದ್ರೆ ನೀವು ಸಾಯಲ್ವಾ?"

"ಇಲ್ಲ!"

"ಹಾಗಾದ್ರೆ ನಾನು ಉಪವಾಸ ಮಾಡಿದ್ದು? ನಿಮಗೋಸ್ಕರ ಸಂಜೆ ಊಟ ಬಿಟ್ಟಿದೀನಿ!"

"ನಾನು ಬೀಡಿ ಬಿಟ್ಟೆ!" ಎಂದು ಹತ್ತಿಯಣ್ಣ ಗುಡುಗಿದ. "ಹೆಂಡ್ತಿ ಹೇಳಿದಾಗ ಬಿಡದ ಬೀಡಿ ನಿಮಗೋಸ್ಕರ ಬಿಟ್ಟೆ! ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಬೆಳಿಗ್ಗೆಯಿಂದ ಅದನ್ನೇ ಬಡ್ಕೊಳ್ತಿದೀನಲ್ಲೋ!"

"ಹಂಗ್ ಮೆತ್ತಗೆ ಹೇಳಿದ್ರೆ ಯಾರು ನಂಬ್ತಾರೆ? ಹಿಂಗ್ ಹೇಳ್ಬೇಕಿತ್ತು." ಹತ್ತಿಯಣ್ಣ ಪಕ್ಕದಲ್ಲಿದ್ದ ಹತ್ತಿ ಬಡಿಯುವ ಕೋಲನ್ನು ಎತ್ತಿ ಮೂಲೆಗೆ ಎಸೆದ. "ಕೊನೆಯಾಸೆನೇ ಅಲ್ಲ ಅಂದ ಮೇಲೆ ನಡೆಸಿಕೊಡೋದು ಏನು ಬಂತು? ಕರೀರಿ ದೊಡ್ಡ ಯಜಮಾನ್ರನ್ನ. ಅವರು ಮಲಗಿ ಹೂಂ ಅನ್ಲಿ. ಆಮೇಲೆ ಲಾರಿ ಮಾತು."

"ಯಾರು ಎಲ್ಲಿ ಮಲಗ್ತಾರೋ ನನಗೆ ಗೊತ್ತಿಲ್ಲ," ಎಂದರು ಅಧಿಕಾರಿ, ಮನುಷ್ಯ ಬದುಕಿದ್ದಾನೆಂದು ಖಾತ್ರಿಯಾಗಿ ಸಿಡುಕು ಮರಳಿ ಬಂದಿತ್ತು. "ಊಟದ ಹೊತ್ತಿನೊಳಗೆ ಲಾರಿ ತುಂಬಬೇಕು. ಇಲ್ದಿದ್ರೆ ನಾನು ಖಾಲಿ ಹೋಗ್ತೀನಿ."

ದೊಡ್ಡ ಯಜಮಾನರನ್ನು ಕರೆಯಬೇಕಾಗಿರಲಿಲ್ಲ. ಅಳಿಯನ ಕೂಗು ಮನೆಯವರೆಗೂ ಕೇಳಿ, ಯಾರಪ್ಪ ಇಷ್ಟು ಗಂಟಲಿನವರು ಎಂದು ನೋಡಲು ಅವರೇ ಬಂದು ನಿಂತಿದ್ದರು. ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಒಂದು ಹಾಸಿಗೆಯನ್ನು ಮಂಚದ ಮೇಲೆ ಹಾಸಿಸಿದರು. ಚಪ್ಪಲಿ ಬಿಟ್ಟರು. ಕನ್ನಡಕ ತೆಗೆದರು. ಮಲಗಿ ಕಣ್ಣು ಮುಚ್ಚಿದರು. ಅಳಿಯಂದಿರು ಬಿದ್ದಲ್ಲೇ ಕಣ್ಣು ಮುಚ್ಚಿಕೊಂಡರು. ಎಲ್ಲ ಮುಗಿದಿತ್ತು.

ಹೊಲಿಗೆಯಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

"ಯಜಮಾನ್ರೇ, ಎಡಗಡೆ ಮೂಲೆ ನೋಡಿದ್ರಾ?"

ದೊಡ್ಡ ಯಜಮಾನರು ಒಂದು ಕಣ್ಣು ತೆರೆದರು. ಆ ಮಂಚದ ಮೇಲಿದ್ದಾಗ ಅವರನ್ನು ಯಾರೂ ಎಂದೂ ಮಾತಾಡಿಸಿರಲಿಲ್ಲ. "ಮೂಲೆ ಯಾಕಮ್ಮ? ನನ್ನ ಬೆನ್ನಿಗೆ ಗೊತ್ತಾಗುತ್ತೆ."

"ನಿಮ್ಮ ಬೆನ್ನು ನಡುವೆ ಇದೆ, ಮೂಲೆ ಎಲ್ಲಿ ಗೊತ್ತಾಗುತ್ತೆ? ಅದನ್ನ ನಾನು ನಿನ್ನೆ ಒತ್ತಿ ನೋಡಿ, ಸರಿ ಕಾಣದೆ, ಬಿಚ್ಚಿ, ಮತ್ತೆ ಹೊಲಿದಿದೀನಿ. ಸರಿ ಅಂತ ಹೇಳಿ ಕಟ್ಟಿಟ್ಟಿದೀನಿ. ಈಗ ನೀವು ಮಲಗಿ ಅದರ ಗವಸು ಸುಕ್ಕು ಮಾಡ್ತಿದೀರಿ. ಏಳಿ ಸ್ವಲ್ಪ."

"ಏನಂದೆ?"

"ಅಕ್ಕ ಹೇಳಿದ್ದು ಸರಿ ಯಜಮಾನ್ರೇ," ಎಂದು ಹತ್ತಿಯಣ್ಣ ಮನಸ್ಸಿಲ್ಲದಿದ್ದರೂ ಬಾಯಿ ಹಾಕಿದ. "ಆ ಕಡೆ ಇರೋವೆಲ್ಲ ನಾನು ಮಂಡಿಯೂರಿ ಸರಿ ಅಂದಿದ್ದು. ಅದನ್ನ ಇನ್ನೊಬ್ಬರು ಮಲಗಿ ನೋಡೋದು ಅಂದ್ರೆ, ನಾನು ಸುಳ್ಳು ಹೇಳಿದೀನಿ ಅಂತ ಆಯ್ತಲ್ಲ."

"ಅಲ್ಲಪ್ಪ, ಈಗ ತಾನೆ ನೀನೇ ನನ್ನ ಕರೀರಿ ಅಂದೆ!"

"ಅಂದೆ. ಕೋಪದಲ್ಲಿ ಅಂದೆ. ನೀವು ಮಲಗಿದ ಮೇಲೆ ಯಾಕೋ ಸರಿ ಕಾಣ್ಲಿಲ್ಲ."

ಅಳಿಯಂದಿರಿಗೆ ಸೊಂಟದ ನೋವು ಮರೆತೇಹೋಯಿತು. ಗೋಡೆ ಹಿಡಿದು ಎದ್ದು ನಿಂತರು. ಬೋಧಕರು ಮೇಜು ಬಡಿದು ಹೇಳಿದ ಬದಲಾವಣೆ ಎಂದರೆ ಇದೇ! ಅದು ಬಂದಿದೆ! ಉಳಿದಿದೆ! "ಭೇಷ್!" ಎಂದರು. "ಹಾಗಾದ್ರೆ ಮಾವ ಬೇಡ. ಲಾರಿಗೆ ಹಾಕೋ ಮೊದಲು ನಾನೇ ಎಲ್ಲದರ ಮೇಲೂ ಒಂದ್ಸಲ ಕಣ್ಣಾಡಿಸಿ..."

"ನೀವೂ ಬೇಡ!" ಎಂದು ಕಾರ್ಖಾನೆಗೆ ಕಾರ್ಖಾನೆಯೇ ಕೂಗಿತು.

ದೊಡ್ಡ ಯಜಮಾನರು ಎದ್ದು ಮಂಚದ ಅಂಚಿಗೆ ಕೂತರು. ಸುಕ್ಕಾದ ಗವಸನ್ನು ಕೈಯಿಂದ ಮೆಲ್ಲಗೆ ತೀಡಿ ಸರಿಮಾಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತುಂಬ ದಿನದ ಮೇಲೆ ಪೂರ್ತಿ ಎಚ್ಚರಾದ ಮನುಷ್ಯನ ಗಲಿಬಿಲಿ ಇತ್ತು.

"ಅಳಿಯಂದ್ರೇ," ಎಂದರು ಕೊನೆಗೆ, "ಕೊಟ್ಟ ಮಾತು ಕೊಟ್ಟ ಮಾತೇ. ಲಾರಿ ಹೋಗುತ್ತೆ. ಕಾರ್ಖಾನೆ ನಿಮ್ಮದು. ಆದ್ರೆ ಅದು ಈಗ ಯಾರ ಕೈಯಲ್ಲಿದೆ ಅಂತ ನೀವೇ ಹುಡುಕ್ಕೋಬೇಕು."

ಚಪ್ಪಲಿ ಮೆಟ್ಟಿಕೊಂಡು, ಮೊದಲು ಹೋಗಿ ಆ ಸೋದರತ್ತೆಯ ಪ್ರಾರ್ಥನೆ ನಿಲ್ಲಿಸಬೇಕೆಂದು ಗೊಣಗುತ್ತಾ ಹೊರಟರು.

ಲಾರಿ ತುಂಬುವ ಗದ್ದಲ ಎದ್ದಿತು. ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹೊತ್ತು ನಡೆದರು. ಖರೀದಿ ಅಧಿಕಾರಿ ಏನೋ ಕೇಳಿದರೆ ಹೊಲಿಗೆಯಕ್ಕ ಉತ್ತರ ಕೊಡುತ್ತಿದ್ದಳು, ಹಗ್ಗ ಬಿಗಿಯುವುದನ್ನು ಹತ್ತಿಯಣ್ಣ ನೋಡಿಕೊಳ್ಳುತ್ತಿದ್ದ. ಅಳಿಯಂದಿರು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಾಗಿಲ ಬಳಿ ಬಂದರು. "ನಿಧಾನ, ನಿಧಾನ!" ಎಂದರು. ಯಾರೂ ನಿಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. "ಅಗಲದ್ದು ಕೆಳಗೆ ಹಾಕಿ!" ಎಂದರು. ಅಗಲದ್ದು ಆಗಲೇ ಕೆಳಗಿತ್ತು. ಇನ್ನೇನು ಹೇಳಬೇಕೆಂದು ತಿಳಿಯದೆ, ಹೊಸ ಯಜಮಾನನಿಗೆ ತಕ್ಕ ದನಿ ತೆಗೆದು ಕೇಳಿದರು:

"ಈಗ ನಾನೇನು ಮಾಡ್ಬೇಕು, ಅದಾದ್ರೂ ಹೇಳ್ರಪ್ಪ!"

ದೊಡ್ಡ ಹಾಸಿಗೆಯೊಂದು ಅವರ ಮುಂದೆ ಬಂದು ನಿಂತಿತು. ಅದರ ಹಿಂದಿನಿಂದ ಹೊಲಿಗೆಯಕ್ಕನ ದನಿ ಬಂತು.

"ಬಾಗಿಲಿಗೆ ಅಡ್ಡ ನಿಂತಿದೀರಿ ಅಳಿಯಂದ್ರೇ. ಸ್ವಲ್ಪ ಸರೀರಿ."

ಕಾರ್ಖಾನೆಯ ಯಜಮಾನರು ಸರಿದರು. ಹಾಸಿಗೆ ಹೊರಗೆ ಹೋಯಿತು.